ಕ್ರಿಸ್ಮಸ್ ಟ್ರೀ, ಜುನಿಪರ್ ಎಲಿ ಮ್ಯಾಲಿನ ಮೇಣ ಹೋದ್ರ ಚಿಂತಿ ಮಾಡ್ಬೇಕಾ?

ಪ್ರಶ್ನೆ (ಬೆಳಗಾವಿ ತಿಲಕವಾಡಿಯಿಂದ ಒಬ್ರು ಅಕ್ಕಾರು ಕೇಳಿದ್ದು): ಸರ್, ನಮ್ಮ ಮನಿ ಮುಂದ ದೊಡ್ಡದೊಂದು ಕ್ರಿಸ್ಮಸ್ ಟ್ರೀ ಐತಿ, ಪಾಟ್‌ನ್ಯಾಗ ನೀಲಿ ಬಣ್ಣದ ಜುನಿಪರ್ ಐತಿ. ಜುನಿಪರ್ ಚಿಗುರಿನ ಮ್ಯಾಲೆ ಬೂದಿ ಬಿದ್ದಂಗ ಕಂಡ್ತು, ಬೂದಿ ರೋಗ ಅಂತ ತಿಳ್ಕೊಂಡು ಬೇವಿನೆಣ್ಣಿಗೆ ಶಾಂಪೂ ಕಲಸಿ ಹೊಡದ್ವಿ, ಈಗ ನೀಲಿ ಹೋಗಿ ಬರೇ ಹಸಿರಾಗೇತಿ. ದೊಡ್ಡ ಗಿಡದ ಹಳೇ ಎಲಿನೂ ಕಪ್ಪು ಹಸಿರಾಗಿ ಹೊಳೀತಾವ, ಹೊಸಾವು ಮಾಸಲಾಗಿ ಅದಾವ. ಇದು ರೋಗ ಏನ್ರಿ? ನೀಲಿ ವಾಪಸ್ ಬರ್ತೈತೇನು? ವಿಜಯಪುರದಾಗ ನಮ್ಮ ತಂಗಿ ಮನಿಗೂ ಒಂದು ಸಸಿ ಒಯ್ಯಬೇಕಂತ ಮಾಡೇವಿ, ಅಲ್ಲಿ ಬದುಕ್ತೈತೇನು?

ಉತ್ತರ:

ಅಕ್ಕಾರ, ನಿಮ್ಮ ಜುನಿಪರ್‌ಗೆ ಬೂದಿ ರೋಗ ಬಂದಿರಲಿಲ್ಲ, ಇದನ್ನ ಮೊದಲು ಹೇಳಿಬಿಡ್ತೀನಿ. ದ್ರಾಕ್ಷಿ, ಮಾವು, ಬಾರಿಕಾಯಿ, ಸೌತಿ ಬಳ್ಳಿ ಮ್ಯಾಲೆ ಬರೋ ಬೂದಿ ರೋಗದ ಶಿಲೀಂಧ್ರ ಹೂ ಬಿಡೋ ಗಿಡದ ಮ್ಯಾಲೆ ಮಾತ್ರ ಬದುಕ್ತೈತಿ, ಪೈನ್, ಜುನಿಪರ್, ಸೈಪ್ರಸ್, ಥೂಜಾ, ನಿಮ್ಮ ಕ್ರಿಸ್ಮಸ್ ಟ್ರೀ ಇಂಥಾ ಕೋನಿಫರ್ ಜಾತಿ ಗಿಡಕ್ಕ ಅದು ಬರೂದಿಲ್ಲ. ಹಂಗಾಗಿ ಇವುಗಳ ಮ್ಯಾಲೆ ಬಿಳಿ ಕಂಡ ಕೂಡಲೇ ಗಂಧಕದ ಪುಡಿ, ಶಿಲೀಂಧ್ರನಾಶಕ ಅಂತ ಅಂಗಡಿಗೆ ಓಡೋದು ಬ್ಯಾಡ. ನೀವು ನೋಡಿದ್ದು ಮೇಣ. ಗಿಡ ತಾನೇ ಮಾಡಿ ತನ್ನ ಮೈಮ್ಯಾಲೆ ಹೊದ್ಕೊಂಡಿದ್ದು, ಹೊಸ ಎಲಿ ಛಲೋ ಆರೋಗ್ಯದಾಗ ಐತಿ ಅನ್ನೋದಕ್ಕ ಅದೇ ಗುರ್ತು.

ಈ ಮೇಣ ಅಂದ್ರ ಏನು ಅಂತ ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರ ಅದು ತಿಳದ್ರ ಉಳಿದ ಪ್ರಶ್ನಿಗೆ ಉತ್ತರ ತಾನಾಗೇ ಸಿಗ್ತೈತಿ. ಎಲಿ ಹೊರಮೈ ಮ್ಯಾಲೆ ಕ್ಯುಟಿಕಲ್ ಅನ್ನೋ ಒಂದು ತೆಳು ಪದರ ಇರ್ತೈತಿ, ಅದರ ಒಳಗೂ ಮೇಣ ಇರ್ತೈತಿ, ಅದರ ಮ್ಯಾಲೂ ಮೇಣ ಇರ್ತೈತಿ. ಒಳಗಿನ ಮೇಣ ನಮ್ಮ ಕಣ್ಣಿಗೆ ಕಾಣಂಗಿಲ್ಲ, ಆದ್ರ ಭಾಳಷ್ಟು ಗಿಡದಾಗ ನೀರು ಹೊರಗ ಹೋಗಲಾರದಂಗ ತಡಿಯೋದು ಮುಖ್ಯವಾಗಿ ಅದೇ. ಮ್ಯಾಲಿನ ಮೇಣ ಕೋನಿಫರ್‌ಗಳಾಗ ಸಣ್ಣ ಸಣ್ಣ ಕೊಳವಿ ಆಕಾರದಾಗ ಬೆಳೀತೈತಿ, ಒಂದೊಂದು ಕೊಳವಿ ಸುಮಾರು ಒಂದು ಮೈಕ್ರಾನ್ ಉದ್ದ, ಅಂದ್ರ ಒಂದು ಮಿಲಿಮೀಟರ್‌ದಾಗ ಸಾವಿರ ಪಾಲು ಮಾಡಿದ್ರ ಒಂದು ಪಾಲು, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲದ ನೋಡಾಕ ಆಗಂಗಿಲ್ಲ. ಈ ಕೊಳವಿಯೊಳಗ ಮುಖ್ಯವಾಗಿ ಇರೋ ವಸ್ತು ನೊನಕೊಸಾನ್-10-ಆಲ್, 29 ಕಾರ್ಬನ್‌ನ ಉದ್ದ ಸರಪಳಿ ಇರೋ ಒಂದು ಆಲ್ಕೋಹಾಲ್. ಇದರದೊಂದು ವಿಶೇಷ ಐತಿ ನೋಡ್ರಿ, ಈ ವಸ್ತುವನ್ನ ಎಲಿಯಿಂದ ತೆಗದು ದ್ರಾವಣ ಮಾಡಿ ಗಾಜಿನ ಮ್ಯಾಲೆ ಒಣಗಿಸಿದ್ರೂ ಅದು ಮತ್ತ ಅದೇ ಕೊಳವಿ ಆಕಾರಕ್ಕ ಬರ್ತೈತಿ, ಗಿಡ ಕುಂತು ಒಂದೊಂದೇ ಕೊಳವಿ ಕಟ್ಟೋದಿಲ್ಲ, ವಸ್ತುವಿನ ಗುಣಾನೇ ಹಂಗ. ಇಷ್ಟು ಸಣ್ಣ ಕೊಳವಿ ಒತ್ತೊತ್ತಾಗಿ ನಿಂತಾಗ ಬೆಳಕನ್ನ ಚದುರಿಸ್ತಾವ, ಅದರಿಂದ ನಮಗ ಬೂದಿ-ನೀಲಿ ಬಣ್ಣ ಕಾಣ್ತೈತಿ. ನೀಲಿ ಬಣ್ಣದ ಪದಾರ್ಥ ಎಲಿಯೊಳಗ ಎಲ್ಲೂ ಇಲ್ಲ, ಒಂದು ಎಳೀ ಎಲಿ ತಗೊಂಡು ಬೆರಳಿನಿಂದ ಉಜ್ಜಿದ್ರ ಕೆಳಗ ಬರೇ ಹಸಿರು ಸಿಗ್ತೈತಿ. ಅಮೆರಿಕದ ಬ್ಲೂ ಸ್ಪ್ರೂಸ್ ಅಂತ ಹೆಸರಾದ ಗಿಡದ ನೀಲಿನೂ ಇದೇ ಮೇಣದ್ದು.

ಇನ್ನೊಂದು ಜಾಗಾದಾಗ ಈ ಮೇಣ ಇನ್ನೂ ದೊಡ್ಡ ಕೆಲಸ ಮಾಡ್ತೈತಿ. ಎಲಿ ಉಸಿರಾಡೋ ತೂತು ಇರ್ತಾವಲ್ಲ, ಪತ್ರರಂಧ್ರ ಅಂತೀವಿ, ಕೋನಿಫರ್‌ಗಳಾಗ ಅವು ಎಲಿ ಮೈಯಿಂದ ಸ್ವಲ್ಪ ಒಳಗ ಕುಳಿಯೊಳಗ ಇರ್ತಾವ, ಭಾಳ ಜಾತಿಯೊಳಗ ಆ ಕುಳಿ ತುಂಬ ಮೇಣದ ಕೊಳವಿ ತುಂಬಿಕೊಂಡಿರ್ತಾವ, ಸಡಿಲಾದ ಬಿರಡಿ ಹಾಕಿದಂಗ. ಗಾಳಿ ಹೋಗ್ತೈತಿ, ನೀರು ಒಳಗ ನುಗ್ಗಂಗಿಲ್ಲ. 1971ರಾಗ ಸಿಟ್ಕಾ ಸ್ಪ್ರೂಸ್ ಅನ್ನೋ ಗಿಡದ ಮ್ಯಾಲೆ ಜೆಫ್ರಿ, ಜಾನ್ಸನ್, ಜಾರ್ವಿಸ್ ಅನ್ನೋ ಮೂರು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ರು, ಈ ಮೇಣ ಇರೋದ್ರಿಂದ ನೀರು ಆವಿಯಾಗೋದು ಮೂರರಾಗ ಎರಡು ಪಾಲು ಕಡಿಮಿ ಆಗ್ತೈತಿ, ಆಹಾರ ತಯಾರು ಮಾಡೋದು ಮಾತ್ರ ಮೂರರಾಗ ಒಂದು ಪಾಲು ಅಷ್ಟ ಕಡಿಮಿ ಆಗ್ತೈತಿ ಅಂತ. ಎಲಿ ವರ್ಷಗಟ್ಟಲೇ ಇಟ್ಕೊಂಡು ಬಾಳೋ ಗಿಡಕ್ಕ ಇದು ಲಾಭದ ವ್ಯವಹಾರನೇ. ಮನ್ಯಾಗ ಭೂತಕನ್ನಡಿ ಇದ್ರ ನಿಮ್ಮ ಗಿಡದ ಎಲಿ ನೋಡ್ರಿ, ಬಿಳಿ ಚುಕ್ಕಿ ಸಾಲು ಸಾಲಾಗಿ ಉದ್ದಕ ಹೋಗಿರ್ತಾವ, ಅವೇ ಮೇಣ ತುಂಬಿದ ತೂತು.

ಈಗ ವಯಸ್ಸಿನ ಮಾತಿಗೆ ಬರೋಣ. ಎಲಿ ಈ ಮೇಣವನ್ನ ಮಾಡೋದು ಬಹುಮಟ್ಟಿಗೆ ತಾನು ಬೆಳೆಯೋ ಕಾಲದಾಗ, ಅಂದ್ರ ಚಿಗುರು ಒಡದು ಎಲಿ ಪೂರ್ತಿ ಉದ್ದ ಆಗೋತನಕ. ಬಲಿತ ಮ್ಯಾಲೆ ಹೊಸ ಮೇಣ ಹಾಕೋ ತಾಕತ್ತು ಭಾಳ ಕಡಿಮಿ. ಆದ್ರ ಎಲಿ ಮಾತ್ರ ಅಷ್ಟಕ್ಕ ಉದುರಿ ಹೋಗಂಗಿಲ್ಲ, ಸ್ಕಾಟ್ಸ್ ಪೈನ್ ಎಲಿ ಎರಡ್ಮೂರು ವರ್ಷ ಇರ್ತೈತಿ, ಸ್ಪ್ರೂಸ್ ಎಲಿ ಅದಕ್ಕಿಂತ ಜಾಸ್ತಿ, ಕ್ಯಾಲಿಫೋರ್ನಿಯಾದ ಗುಡ್ಡದ ಮ್ಯಾಲಿನ ಬ್ರಿಸಲ್‌ಕೋನ್ ಪೈನ್ ಎಲಿ 30 ವರ್ಷಕ್ಕೂ ಮಿಕ್ಕಿ ಗಿಡದ ಮ್ಯಾಲೇ ಇರ್ತಾವ. ಇಷ್ಟು ದಿನದಾಗ ಮಳಿ ಹನಿ ಬಡಿತೈತಿ, ಗಾಳಿಗೆ ಒಂದಕ್ಕೊಂದು ಎಲಿ ಉಜ್ಜತಾವ, ಧೂಳು ಕೂಡತೈತಿ, ಬಿಸಲು ಬೀಳತೈತಿ, ಮತ್ತ ಆ ಕೊಳವಿ ಆಕಾರ ಅನ್ನೋದೂ ಶಾಶ್ವತ ಅಲ್ಲ, ಹೊರಗಿನಿಂದ ಏನೂ ಪೆಟ್ಟು ಬೀಳದಿದ್ರೂ ನಿಧಾನಕ್ಕ ಕೊಳವಿ ಒಂದಕ್ಕೊಂದು ಕೂಡಿಕೊಂಡು ಜಾಳಿಗಿಯಂಗ ಆಗ್ತಾವ, ಆಮ್ಯಾಲೆ ಚಪ್ಪಟಿ ಆಗಿ ಒಂದು ಸಪಾಟ ಪದರಾಗ್ತಾವ. ಆವಾಗ ಬೆಳಕು ಚದರೋದು ನಿಲ್ತೈತಿ, ಎಲಿ ಕಪ್ಪು ಹಸಿರಾಗಿ ಹೊಳ್ಯಾಕ ಶುರು ಮಾಡ್ತೈತಿ. ನಿಮ್ಮ ದೊಡ್ಡ ಗಿಡದ ಹಳೇ ಎಲಿಯೊಳಗ ಆಗಿದ್ದು ಇದೇ, ಮುದಿತನ ಅದು, ರೋಗ ಅಲ್ಲ. ಬೆಳಗಾವಿ ಮಳಿ ಅಂದ್ರ ಸಣ್ಣ ಮಳಿ ಅಲ್ಲಲ್ರಿ, ಜೂನ್‌ದಿಂದ ಸಪ್ಟೆಂಬರ್‌ತನಕ ಹೊಡದ ಮ್ಯಾಲೆ ಗಣಪತಿ ಹಬ್ಬದ ಹೊತ್ತಿಗೆ ಹ್ವಾದ ವರ್ಷದ ಎಲಿ ಹೊಳಿಯೋದು ಸಹಜ.

ಇದನ್ನ ಮನ್ಯಾಗೇ ನೋಡಾಕ ಒಂದು ಸರಳ ದಾರಿ ಐತಿ. ಒಂದೇ ಟೊಂಗಿಯ ತುದಿ ಎಲಿ ಮ್ಯಾಲೆ ಒಂದು ಹನಿ ನೀರು ಬಿಡ್ರಿ, ಒಳಗಿನ ಹಳೇ ಎಲಿ ಮ್ಯಾಲೆ ಒಂದು ಹನಿ ಬಿಡ್ರಿ. ಹೊಸಾದ್ರ ಮ್ಯಾಲೆ ಹನಿ ಗುಂಡಗ ಮಣಿಯಂಗ ಕೂತು ಉರುಳಿ ಬೀಳತೈತಿ, ಹಳೇದ್ರ ಮ್ಯಾಲೆ ಹರಡಿ ಅಂಟ್ಕೋತೈತಿ. ಪ್ರಯೋಗಾಲಯದಾಗ ಮಾಡೋದೂ ಇದನ್ನೇ, ಹನಿ ಎಲಿ ಮ್ಯಾಲೆ ಕೂತಾಗ ಅಂಚಿನೊಳಗ ಆಗೋ ಕೋನ ಅಳೀತಾರ, ಎಲಿ ಹಳೇದಾದಂಗ ಈ ಕೋನ ಇಳಕೋತ ಹೋಗ್ತೈತಿ. 1980ರ ದಶಕದಾಗ ಸ್ಕಾಟ್ಲೆಂಡಿನೊಳಗ ನೀಲ್ ಕೇಪ್ ಅನ್ನೋ ವಿಜ್ಞಾನಿ ಪೈನ್ ಎಲಿ ಮ್ಯಾಲೆ ಹಿಂಗ ಅಳದು, ಹೊಗಿ ಜಾಸ್ತಿ ಇರೋ ಜಾಗಾದಾಗ ಕೋನ ಬೇಗ ಇಳಿತೈತಿ ಅಂತ ಕಂಡುಕೊಂಡ್ರು. ಅಂದ್ರ ಅಲ್ಲಿ ಎಲಿ ವಯಸ್ಸಿಗಿಂತ ಮೊದಲೇ ಮುದಿ ಆಗ್ತಿದ್ವು.

ಅದಕ್ಕ ನಾನು ಎಲ್ಲಾರಿಗೂ ಹೇಳೋದು ಒಂದೇ ಮಾತು: ಗಿಡದ ಆರೋಗ್ಯ ನೋಡೋ ಮುಂದ ಒಂದೇ ವಯಸ್ಸಿನ ಎಲಿಗೆ ಒಂದೇ ವಯಸ್ಸಿನ ಎಲಿ ಹೋಲಿಸ್ರಿ. ಕೆಳಗಿನ ಟೊಂಗಿ, ಮ್ಯಾಗಿನ ಟೊಂಗಿ ಅಂತ ನೋಡಬ್ಯಾಡ್ರಿ, ಕೆಳಗಿನ ಟೊಂಗಿಯ ತುದ್ಯಾಗೂ ಈ ವರ್ಷದ ಎಲಿ ಇರ್ತಾವ. ಪ್ರತಿ ಟೊಂಗಿಯ ತುದಿ ನೋಡ್ರಿ. ಹಳೇ ಎಲಿ ಹೊಳದು ತುದಿ ಎಲಿ ಮಾಸಲಾಗಿ ಬೂದಿ-ಬೂದಿ ಇದ್ರ ಗಿಡ ಆರಾಮ ಐತಿ. ಈ ವರ್ಷದ ತುದಿ ಎಲಿನೇ ಹೊಳ್ಯಾಕ ಹತ್ತಿದ್ರ, ಅದೂ ರಸ್ತೆ ಕಡಿ ಮಗ್ಗಲಾಗ ಮಾತ್ರ ಹಂಗಿದ್ದು ಮನಿ ಕಡಿ ಮಗ್ಗಲಾಗ ಇಲ್ಲದಿದ್ರ, ಹೊರಗಿನಿಂದ ಏನೋ ಬಂದು ಮೇಣ ಕೆಡಿಸಾಕ ಹತ್ತೇತಿ ಅಂತ ಅರ್ಥ. ಈ ಎರಡನ್ನ ಕಲಸಿ ನೋಡೋದ್ರಿಂದಲೇ ಮಂದಿ ಹಳೇ ಎಲಿ ಕಂಡು ಹೆದರಿ ಔಷಧ ಹೊಡದು ಹೊಸ ಎಲಿ ಕೆಡಿಸ್ಕೋತಾರ.

ಶಾಂಪೂ ವಿಷಯ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ತಂಗಿ ಊರಿನ ಕಡೆ, ತಿಕೋಟಾ, ಬಬಲೇಶ್ವರ ಭಾಗದಾಗ ಒಣದ್ರಾಕ್ಷಿ ಮಾಡೋರನ್ನ ಕೇಳಿ ನೋಡ್ರಿ, ಹಸಿ ದ್ರಾಕ್ಷಿ ಶೆಡ್ಡಿಗೆ ಹಾಕೋಕಿಂತ ಮೊದಲು ಲೀಟರ್ ನೀರಿಗೆ 25 ಗ್ರಾಂ ಆಸುಪಾಸು ಪೊಟ್ಯಾಶಿಯಂ ಕಾರ್ಬೊನೇಟ್, 15 ಮಿಲಿ ಆಸುಪಾಸು ಡಿಪ್ಪಿಂಗ್ ಆಯಿಲ್ ಕಲಸಿ ಅದರಾಗ ಅದ್ದಿ ತೆಗೀತಾರ. ದ್ರಾಕ್ಷಿ ಮ್ಯಾಲಿನ ಬಿಳಿ ಪುಡಿನೂ ಮೇಣನೇ, ಆ ದ್ರಾವಣ ಮೇಣದ ಜೋಡಣಿ ಸಡಿಲ ಮಾಡ್ತೈತಿ, ಒಳಗಿನ ನೀರು ಹೊರಗ ಬರಾಕ ದಾರಿ ಆಗ್ತೈತಿ, ನೆಳ್ಳಾಗ ಎರಡು ವಾರದೊಳಗ ಒಣಗ್ತೈತಿ, ಅದ್ದದ ಹಂಗೇ ಹಾಕಿದ್ರ ಅದಕ್ಕಿಂತ ಎಷ್ಟೋ ಜಾಸ್ತಿ ದಿನ ಬೇಕು. ಅವರು ಒಣಗಬೇಕಂತ ಬೇಕಂತಲೇ ಮಾಡೋ ಕೆಲಸವನ್ನ ನಾವು ಬದುಕಬೇಕಾದ ಗಿಡಕ್ಕ ಮಾಡ್ತೀವಿ, ಎಣ್ಣಿ ಮತ್ತ ಸಾಬೂನು ಕೂಡಿಸಿ. ಒಂದ್ಸಲ ಹೊಡದ್ರಿಂದ ಗಿಡ ಒಣಗಿ ಸಾಯಂಗಿಲ್ಲ, ನಾನು ಮೊದಲು ಹೇಳಿದಂಗ ಒಳಗಿನ ಮೇಣ ಇನ್ನೂ ಇರ್ತೈತಿ. ಆದ್ರ ಪದೇ ಪದೇ ಹೊಡದ್ರ, ಅದೂ ಬ್ಯಾಸಗಿಯೊಳಗ ಹೊಡದ್ರ, ಅಪಾಯ ಐತಿ.

ನಿಮ್ಮ ಮನಿ ಮುಂದಿನ ದೊಡ್ಡ ಗಿಡಕ್ಕ ಇದು ಇನ್ನೂ ಹತ್ತಿರದ ಮಾತು. ನಮ್ಮ ಕಡಿ ನರ್ಸರಿಯೊಳಗ ಕ್ರಿಸ್ಮಸ್ ಟ್ರೀ ಅಂತ ಕೊಡೋದು ಬಹುತೇಕ ಅರೌಕೇರಿಯಾ, ಪೆಸಿಫಿಕ್ ಸಮುದ್ರದ ನಾರ್ಫೋಕ್ ದ್ವೀಪದ ಗಿಡ, 1774ರಾಗ ಕ್ಯಾಪ್ಟನ್ ಜೇಮ್ಸ್ ಕುಕ್ ಆ ದ್ವೀಪಕ್ಕ ಹೋದಾಗ ಇದನ್ನ ನೋಡಿದ್ದ. ಸಮುದ್ರದ ಉಪ್ಪುಗಾಳಿ ತಡಕೊಳ್ಳೋ ಗಿಡ ಅಂತಾನೇ ಇದನ್ನ ಆಸ್ಟ್ರೇಲಿಯಾದ ಕಡಲತೀರಕ್ಕ ಸಾಲು ಸಾಲಾಗಿ ಹಚ್ಚಿದ್ರು. 1960-70ರ ದಶಕದಾಗ ಸಿಡ್ನಿ ಕಡಲತೀರದ ಇಂಥಾ ಗಿಡ ಸಮುದ್ರದ ಕಡಿ ಮಗ್ಗಲಾಗ ಕೆಂಪಾಗಿ ಒಣಗಾಕ ಹತ್ತಿದ್ವು. ಉಪ್ಪು ಮೊದಲಿನಿಂದಲೂ ಇತ್ತು, ಗಿಡ ಮೊದಲಿನಿಂದಲೂ ತಡಕೊಂಡಿದ್ವು, ಹೊಸಾದು ಬಂದಿದ್ದು ಊರಿನ ಗಟಾರ ನೀರಿನ ಜೋಡಿ ಸಮುದ್ರಕ್ಕ ಸೇರ್ತಿದ್ದ ಡಿಟರ್ಜೆಂಟ್. ತೆರಿ ಒಡದು ಹಾರೋ ತುಂತುರಿನ್ಯಾಗ ಉಪ್ಪಿನ ಜೋಡಿ ಸಾಬೂನಿನ ಅಂಶನೂ ಎಲಿ ಮ್ಯಾಲೆ ಬಿದ್ದು, ಮೇಣದ ತಡಿ ದಾಟಿ ಉಪ್ಪು ಒಳಗ ಹೊಕ್ಕಾಕ ಹತ್ತಿತ್ತು. ಇಟಲಿಯ ಪೀಸಾ ಹತ್ರ ಸಾನ್ ರೊಸ್ಸೋರೆ ಅನ್ನೋ ಕಡಲಕಾಡಿನ ಪೈನ್ ಗಿಡಕ್ಕೂ ಇದೇ ಗತಿ ಆತು. ಅಕ್ಕಾರ, ನಿಮ್ಮ ಗಿಡ ಅದೇ ಜಾತಿದು, ಅದಕ್ಕ ಪಾತ್ರಿ ತೊಳಿಯೋ ಲಿಕ್ವಿಡ್, ಶಾಂಪೂ, ವಾಷಿಂಗ್ ಪೌಡರ್ ನೀರು ತಾಗಬಾರದು. ಬಟ್ಟಿ ತೊಳದ ನೀರು ಪೈಪಿನಿಂದ ಗಿಡದ ಮ್ಯಾಲೆ ಹಾರಸೋ ರೂಢಿ ಇದ್ರ ಇವತ್ತೇ ಬಿಡ್ರಿ.

ಮತ್ತ ಹೊಗಿ-ಧೂಳಿನ ಪ್ರಶ್ನಿನೂ ಬಂದೇ ಬರ್ತೈತಿ. 1980ರ ದಶಕದಾಗ ಜರ್ಮನಿ, ಫಿನ್ಲೆಂಡ್ ಕಡಿ ಕಾಡು ಸಾಯಾಕ ಹತ್ಯಾವ ಅಂತ ದೊಡ್ಡ ಗದ್ದಲ ಆಗಿತ್ತು, ಆಮ್ಲ ಮಳಿ ಎಲಿ ಮೇಣ ಕರಗಸ್ತೈತಿ ಅಂತ ಎಲ್ಲಾರೂ ಅಂದ್ರು. ಆದ್ರ ಕೊಳವಿಯೊಳಗಿನ ಆ ನೊನಕೊಸಾನ್-10-ಆಲ್ ಸುಲಭಕ್ಕ ಯಾವುದರ ಜೋಡಿನೂ ಸೇರಿ ಕೆಡೋ ವಸ್ತು ಅಲ್ಲ, ಮಳಿಯೊಳಗಿನ ಅಷ್ಟು ಆಮ್ಲಕ್ಕ ಕರಗೋ ಮಾತೇ ಇಲ್ಲ. ಹಂಗಾದ್ರ ಹೊಗಿ ಇರೋ ಜಾಗಾದಾಗ ಕೊಳವಿ ಯಾಕ ಕರಗಿದಂಗ ಕಾಣ್ತಾವ? ಬಾನ್ ವಿಶ್ವವಿದ್ಯಾಲಯದ ಯುರ್ಗೆನ್ ಬುರ್ಕ್‌ಹಾರ್ಟ್ ಮತ್ತ ಅವರ ಜೋಡಿಯವರು 2014ರಾಗ ಸ್ಕಾಟ್ಸ್ ಪೈನ್ ಮ್ಯಾಲೆ ತೋರಿಸಿದ್ದು ನನಗ ಭಾಳ ಒಪ್ಪಿಗಿ ಆದ ವಿವರಣಿ. ಗಾಳಿಯೊಳಗಿನ ಸಣ್ಣ ಉಪ್ಪಿನ ಕಣ ಎಲಿ ಮ್ಯಾಲೆ ಕೂತು ಹವಾದೊಳಗಿನ ತೇವಾಂಶ ಹೀರಿ ನೀರಾಗ್ತಾವ, ಕೊಳವಿಗಳ ನಡುವ ಹರಡಿ ಮತ್ತ ಒಣಗಿ ಗಟ್ಟಿ ಆಗ್ತಾವ, ಮೈಕ್ರೋಸ್ಕೋಪಿನ್ಯಾಗ ನೋಡಿದ್ರ ಮೇಣನೇ ಕರಗಿ ಪದರಾದಂಗ ಕಾಣ್ತೈತಿ. ಬರೇ ಕಾಣೋದಷ್ಟ ಅಲ್ಲ, ಈ ಉಪ್ಪುನೀರಿನ ಪದರ ಪತ್ರರಂಧ್ರದ ಒಳಗಿನತನಕ ಹೋಗಿ ಬತ್ತಿಯಂಗ ನೀರು ಹೊರಗ ಎಳೀತೈತಿ, ರಂಧ್ರ ಮುಚ್ಚಿದ್ರೂ ಗಿಡ ನೀರು ಕಳ್ಕೋತೈತಿ, ಬರಗಾಲ ತಡಿಯೋ ಶಕ್ತಿ ಕಡಿಮಿ ಆಗ್ತೈತಿ.

ನಮ್ಮ ಭಾಗದಾಗ ಇದಕ್ಕ ಅರ್ಥ ಏನಪಾ ಅಂದ್ರ, ಉದ್ಯಮಬಾಗ ಕಡಿ ಫೌಂಡ್ರಿ ಧೂಳು ಬೀಳೋ ಮನಿ, ಬಾಗಲಕೋಟೆ-ಲೋಕಾಪುರ ಕಡಿ ಸುಣ್ಣದ ಕಲ್ಲು, ಸಿಮೆಂಟಿನ ಧೂಳು ಹಾರೋ ಊರು, ಟ್ರಕ್ ಓಡ್ಯಾಡೋ ರಸ್ತೆ ಬಾಜೂ ಮನಿ, ಇಲ್ಲೆಲ್ಲಾ ಕೋನಿಫರ್ ಎಲಿ ಬೇಗ ಮುದಿ ಆಗ್ತಾವ. ಸಿಮೆಂಟ್ ಧೂಳಿನ ಮ್ಯಾಲೆ ಎಸ್ಟೋನಿಯಾ ದೇಶದ ಕುಂಡಾ ಅನ್ನೋ ಊರಾಗ ಸ್ಪ್ರೂಸ್ ಗಿಡಗಳ ಮ್ಯಾಲೆ ಭಾಳ ವರ್ಷ ಅಭ್ಯಾಸ ನಡದೈತಿ, ಅಲ್ಲಿ ಧೂಳು ತೇವಕ್ಕ ಗಟ್ಟಿಯಾಗಿ ಎಲಿ ಮ್ಯಾಲೆ ಹೆಪ್ಪು ಕಟ್ಟಿತ್ತು. ಧೂಳು ಇದ್ರ ಬರೇ ಸಾದಾ ನೀರಿನಿಂದ, ಜೋರಿಲ್ಲದ, ಮುಂಜಾನೆ ಹೊತ್ತಿನ್ಯಾಗ ತೊಳೀರಿ, ಬಟ್ಟಿ ತಗೊಂಡು ಒರಸಬ್ಯಾಡ್ರಿ, ಒರಸಿದ್ರ ಧೂಳಿನ ಜೋಡಿ ಮೇಣನೂ ಹೋಗ್ತೈತಿ. ನೀರು ಮಾತ್ರ ಮಳಿನೀರು ಇಲ್ಲಾ ಸಿಹಿನೀರು ಇರಬೇಕು, ಉಪ್ಪಿನ ಬೋರ್ ನೀರು ಬ್ಯಾಡ, ಯಾಕಂತ ಮ್ಯಾಲೇ ಓದಿದ್ರಲ್ಲ.

ಇನ್ನ ನಿಜವಾದ ರೋಗ, ಹುಳದ ಗುರ್ತು ಹೆಂಗ ಹಿಡಿಯೋದು. ಮೇಣ ಒಂದೇ ವಯಸ್ಸಿನ ಎಲ್ಲಾ ಎಲಿ ಮ್ಯಾಲೆ ಒಂದೇ ಸಮ ಇರ್ತೈತಿ, ಸಾಲು ಹಿಡದು ಇರ್ತೈತಿ. ಬಿಳಿ ಅನ್ನೋದು ಎಲಿ ಬುಡದ ಸಂದಿಯೊಳಗ ಹತ್ತಿ ಮುದ್ದಿಯಂಗ ಅಲ್ಲಲ್ಲಿ ಇದ್ರ ಅದು ಹಿಟ್ಟು ತಿಗಣಿ, ದ್ರಾಕ್ಷಿ ಬೆಳಿಯೋರಿಗೆ ಇದು ಗೊತ್ತಿದ್ದದ್ದೇ, ಅದರ ಮೈಮ್ಯಾಲಿನ ಬಿಳಿನೂ ಒಂದು ಥರದ ಮೇಣನೇ ಆದ್ರ ಹುಳ ಮಾಡಿದ್ದು. ಅದರ ಕೆಳಗಿನ ಎಲಿ ಜಿಗಟಾಗಿ ಕಪ್ಪು ಮಸಿ ಹಿಡದಿದ್ರ ಅನುಮಾನನೇ ಬ್ಯಾಡ. ಎಲಿ ಹೊಳಪಿಲ್ಲದ ಹಳದಿ-ಕಂದು ಆಗಿ ಸಣ್ಣ ಸಣ್ಣ ಚುಕ್ಕಿ ಬಿದ್ದಿದ್ರ ಟೊಂಗಿ ಕೆಳಗ ಬಿಳಿ ಹಾಳಿ ಹಿಡದು ತಟ್ರಿ, ಹಾಳಿ ಮ್ಯಾಲೆ ಬಿದ್ದ ಚುಕ್ಕಿ ಓಡ್ಯಾಡಿದ್ರ ಅದು ನುಸಿ. ಒಣ ಹವಾ, ಧೂಳು ಇದ್ದಲ್ಲಿ ನುಸಿ ಜೋರು. ಭೂತಕನ್ನಡಿಯೊಳಗ ನೋಡಿದಾಗ ಬಿಳಿ ಚುಕ್ಕಿ ಸಾಲಿನ ಬದ್ಲಿ ಅದೇ ಜಾಗಾದಾಗ ಕರೀ ಚುಕ್ಕಿ ಸಾಲು ಕಂಡ್ರ ಶಿಲೀಂಧ್ರ ಇರಬಹುದು, ಅಮೆರಿಕದ ಒರೆಗಾನ್ ಕಡಲ ಭಾಗದ ಡಗ್ಲಸ್ ಫರ್ ಗಿಡದಾಗ ಒಂದು ರೋಗದ ಶಿಲೀಂಧ್ರ ಹಿಂಗೇ ಪತ್ರರಂಧ್ರದಾಗಿಂದ ಸಣ್ಣ ಕರೀ ಗುಳ್ಳಿ ಹೊರಗ ಹಾಕಿ ಗಿಡದ ಉಸಿರು ಕಟ್ಟಸ್ತೈತಿ. ನಮ್ಮಲ್ಲಿ ಅಂಥಾದ್ದೇನಾದ್ರೂ ಕಂಡ್ರ ಒಂದು ಟೊಂಗಿ ಕಾಗದದಾಗ ಸುತ್ತಿ ಅರಭಾವಿ ತೋಟಗಾರಿಕೆ ಕಾಲೇಜಿಗೆ ಒಯ್ದು ತೋರಿಸ್ರಿ, ಪ್ಲಾಸ್ಟಿಕ್ ಚೀಲದಾಗ ಹಾಕಿದ್ರ ಬೆವತು ಕೊಳೀತೈತಿ.

ಅಂದಹಂಗ ಒಂದು ಮಾತು, ಸರ್ವಿ ಗಿಡನೂ ಪೈನ್ ಅಂತ ತಿಳ್ಕೊಂಡು ಭಾಳ ಮಂದಿ ಇದೇ ಪ್ರಶ್ನಿ ಕೇಳ್ತಾರ, ಅದು ಕೋನಿಫರ್ ಅಲ್ಲ, ಹೂ ಬಿಡೋ ಗಿಡ, ಅದರ ಸೂಜಿಯಂಗ ಇರೋವು ಎಲಿನೂ ಅಲ್ಲ, ಸಣ್ಣ ಕಡ್ಡಿ. ಇಲ್ಲಿ ಹೇಳಿದ್ದನ್ನ ಅದಕ್ಕ ಹಚ್ಚಬ್ಯಾಡ್ರಿ.

ನಿಮ್ಮ ಜುನಿಪರ್‌ಗೆ ಬಂದ್ರ, ಹೋದ ನೀಲಿ ಆ ಎಲಿಗೆ ವಾಪಸ್ ಬರೂದಿಲ್ಲ, ಸುಳ್ಳು ಆಸೆ ತೋರಸಂಗಿಲ್ಲ ನಾನು. ಆದ್ರ ಹೊಸ ಚಿಗುರು ಪೂರ್ತಿ ನೀಲಿಯಾಗೇ ಬರ್ತಾವ, ಒಂದೆರಡು ಚಿಗುರಿನ ಹಂಗಾಮು ಆದ ಮ್ಯಾಲೆ ಹೊರಗಿನಿಂದ ನೋಡೋರಿಗೆ ಗೊತ್ತೂ ಆಗಂಗಿಲ್ಲ. ಹಸಿರಾಗಿದ್ದು ಚಂದ ಕಾಣಂಗಿಲ್ಲ ಅಂತ ಕತ್ರಿ ಹಾಕಬ್ಯಾಡ್ರಿ, ಜುನಿಪರ್‌ನ ಎಲಿ ಇಲ್ಲದ ಹಳೇ ಕಡ್ಡಿತನಕ ಕತ್ತರಿಸಿದ್ರ ಅಲ್ಲಿಂದ ಮತ್ತ ಚಿಗುರು ಒಡಿಯಂಗಿಲ್ಲ, ಬೋಳು ಬೋಳೇ ಉಳೀತೈತಿ. ದೊಡ್ಡ ಗಿಡದ್ದೂ ಹಂಗೇ, ಕೆಳಗಿನ ಟೊಂಗಿ ಕಡದ್ರ ಆ ಜಾಗಾ ಮತ್ತ ತುಂಬಂಗಿಲ್ಲ, ನೆತ್ತಿ ಅಂತೂ ಮುಟ್ಟಲೇಬ್ಯಾಡ್ರಿ. ಜುನಿಪರ್ ಪಾಟ್‌ನ್ನ ಪೂರ್ತಿ ನೆಳ್ಳಾಗ ಇಟ್ಟಿದ್ರ ಬಿಸಲಿಗೆ ತರ್ರಿ, ಬಿಸಲಾಗ ಬೆಳದ ಎಲಿ ಮೇಣ ಜಾಸ್ತಿ ಮಾಡ್ತೈತಿ.

ಕಡೀಗೆ ತಂಗಿ ಮನಿ ಸಸಿ. ಬೆಳಗಾವಿಯೊಳಗ ಇರೋ ಮಳಿಯ ಅರ್ಧದಷ್ಟು ಮಳಿ ವಿಜಯಪುರದಾಗ, ಬ್ಯಾಸಗಿಯೊಳಗ 40 ಡಿಗ್ರಿ ದಾಟ್ತೈತಿ. ಅಲ್ಲಿ ಸಸಿ ಸಾಯೋದು ಬರೇ ಬಿಸಲಿಗೆ ಅಂತ ಎಲ್ಲಾರೂ ಅಂತಾರ, ನಾನು ನೋಡಿದ ಮಟ್ಟಿಗೆ ಅದರಾಗ ಭಾಳ ಗಿಡ ಸಾಯೋದು ತಪ್ಪು ಹೊತ್ತಿನ್ಯಾಗ ಒಯ್ದಿದ್ದಕ್ಕ. ನರ್ಸರಿಯೊಳಗ ಹಸಿರು ಶೇಡ್‌ನೆಟ್ ಕೆಳಗ, ತಂಪು ತೇವದಾಗ ಬೆಳದ ಎಲಿ ಮ್ಯಾಲೆ ಮೇಣ ತೆಳ್ಳಗ ಇರ್ತೈತಿ, ಬಲಿತ ಆ ಎಲಿ ಬಿಸಲಿಗೆ ಬಂದ ಮ್ಯಾಲೆ ಹೊಸಾದಾಗಿ ದಪ್ಪ ಮೇಣ ಹಾಕ್ಕೊಳ್ಳಾಕ ಆಗಂಗಿಲ್ಲ. ಹಂಗಾಗಿ ಫೆಬ್ರುವರಿ, ಮಾರ್ಚ್‌ದಾಗ ಒಯ್ಯಬ್ಯಾಡ್ರಿ. ಕಾರಹುಣ್ಣಿವಿ ಆದ ಮ್ಯಾಲೆ, ಎರಡು ಮಳಿ ಬಿದ್ದು ನೆಲ ತಂಪಾದಾಗ ಒಯ್ದು ಹಚ್ರಿ, ಪಡುವಣ ಕಡಿ ಒಂದು ಅರ್ಧ ನೆಳ್ಳ ಕೊಡೋ ನೆಟ್ ಕಟ್ರಿ, ಅಲ್ಲಿ ಬಿಸಲು ಗಾಳಿಯೊಳಗ ಹುಟ್ಟೋ ಹೊಸ ಎಲಿ ಅಲ್ಲಿಗೆ ತಕ್ಕ ಮೇಣ ಹಾಕ್ಕೊಂಡೇ ಬರ್ತಾವ. ಶೀಗಿ ಹುಣ್ಣಿವಿ ಹೊತ್ತಿಗೆ ನೆಟ್ ಸ್ವಲ್ಪ ಸ್ವಲ್ಪ ಸರಸ್ರಿ, ಮೊದಲನೇ ಬ್ಯಾಸಗಿಗೆ ಮಾತ್ರ ಮಧ್ಯಾಹ್ನದ ಬಿಸಲಿಗೆ ಮತ್ತ ಕಟ್ರಿ. ಹಳೇ ಎಲಿ ಕೆಲವು ಕಂದಾಗಿ ಉದುರ್ತಾವ, ಅದಕ್ಕ ತಂಗ್ಯಾರು ಗಾಬರಿ ಆಗೋದು ಬ್ಯಾಡ, ತುದಿ ಎಲಿ ಮಾಸಲಾಗಿ, ಹನಿ ಬಿಟ್ರ ಉರುಳೋಹಂಗ ಇದ್ರ ಸಸಿ ಹಿಡದೈತಿ ಅಂತ ತಿಳ್ಕೋರಿ. ಮತ್ತ ವಿಜಯಪುರದ ಬೋರ್ ನೀರು ಭಾಳ ಕಡಿ ಗಡಸು, ಅದನ್ನ ಬುಡಕ್ಕ ಹಾಕ್ರಿ, ಸಂಜಿಕ ತಂಪಾಗಲಿ ಅಂತ ಎಲಿ ಮ್ಯಾಲೆ ಸಿಂಪಡಿಸಬ್ಯಾಡಂತ ಅವರಿಗೆ ಮರೀದ ಹೇಳ್ರಿ.